ಸುಂಕದವನ ಮುಂದೆ

ಅವನಿಗೆ ಅರಳುಮರಳು ಕಣ್ರೀ. ತೊಂಬತ್ತು ಹತ್ತಿರ ಬಂತು ಅವನಿಗೆ. ಆ ಸುಂಕದ ಕಟ್ಟೆಯಲ್ಲಿ ಮೂವತ್ತು ವರ್ಷ ನಿಂತು ಎಷ್ಟು ಜನರ ಚೀಲ ಜಾಲಾಡಿದ್ದಾನೋ ಏನೋ, ಈಗ ಮ್ಯೂಸಿಯಂ ಆಗಿರೋ ಅದೇ ಗೂಡಲ್ಲಿ ಕೂತು, ಹಳೇ ಸಾಮಾನು ನೋಡೋಕೆ ಬಂದವರಿಗೆ ಟಿಕೆಟ್ ಹರೀತಾನೆ. ಯಾರದೋ ಕಥೆ ತಂದು ಯಾರಿಗೋ ಅಂಟಿಸ್ತಾನೆ. ಅದನ್ನ ನೀವು ತಲೆಗೆ ಹಚ್ಕೊಂಡು ಹೀಗೆ... ತಗೊಳ್ಳಿ, ಐಸ್‌ಕ್ರೀಮ್ ಕರಗ್ತಿದೆ. ಬೇಡ್ವಾ? ಸರಿ, ನಾನೇ ತಿಂತೀನಿ.

ಹಾಗ್ಯಾಕೆ ನೋಡ್ತೀರಿ? ನಾನು ಕೈ ತೊಳ್ಕೊಂಡು ಬರೋ ಐದು ನಿಮಿಷದಲ್ಲಿ ಅವನು ನಿಮಗೆ ಏನು ಹೇಳಿದ? ಹೇಳಬೇಡಿ ಬಿಡಿ. ನನಗೇನು.

ಬೆಳಗ್ಗೆ ಎಷ್ಟು ಚೆನ್ನಾಗಿದ್ರಿ. ಮದುವೆಯಾಗಿ ಐವತ್ತು ವರ್ಷ ಆಯ್ತಲ್ಲಮ್ಮ, ಒಂದು ದಿನ ಗಡಿಯಾಚೆ ಗೊರಿತ್ಸ ಊರು ನೋಡ್ಕೊಂಡು ಬನ್ನಿ ಅಂತ ನಮ್ಮ ಮಗಳು ನೇವಾ ಟಿಕೆಟ್ ತೆಗೆದು ರೈಲು ಹತ್ತಿಸಿದಳು. ನಮ್ಮೂರು ಕನಾಲ್‌ನಿಂದ ಅರ್ಧ ಗಂಟೆ ದಾರಿ. ಈ ಅರ್ಧ ಗಂಟೆ ದಾರಿಗೆ ನಲವತ್ತಾರು ವರ್ಷ ನೀವು ಬರಲಿಲ್ಲ. ಗಡಿಯ ಬೇಲಿ ಕಿತ್ತು ಹಾಕಿದಾಗ ಊರಿಗೆ ಊರೇ ಬಂತು, ನೀವು ಬರಲಿಲ್ಲ. ಇವತ್ತು ಸ್ಟೇಷನ್ನಿಂದ ಇಳಿದು, ಚೌಕದ ಮಧ್ಯೆ ಆ ಗೆರೆ ದಾಟೋವಾಗ ಟೋಪಿ ತೆಗೆದ್ರಲ್ಲ, ನನಗೆ ನಗು ಬಂತು. ಆ ಕಡೆ ಸ್ಲೊವೇನಿಯಾ, ಈ ಕಡೆ ಇಟಲಿ, ನಡುವೆ ಮಕ್ಕಳು ಸೈಕಲ್ ಹೊಡೀತಿದ್ದಾರೆ. ಚೀಲದಲ್ಲಿ ಏನಿದೆ ಅಂತ ಒಂದು ನರಪಿಳ್ಳೆಯೂ ಕೇಳಲಿಲ್ಲ.

ಆಗ ಹಾಗಿತ್ತಾ? ನೇವಾ ಮದುವೆಯಲ್ಲಿ ನಾನು ಮಾಂಸದ ಕಥೆ ಹೇಳಿದಾಗ ಬೀಗರೆಲ್ಲ ಬಿದ್ದು ಬಿದ್ದು ನಕ್ಕರು. ನೀವೂ ನಕ್ಕಿರಿ, ಕಣ್ಣಲ್ಲಿ ನೀರು ಬರೋ ಹಾಗೆ. ಈ ಕಡೆ ಇದ್ದ ಅತ್ತೆಗೆ ಅಂತ ಮೂರು ಕಿಲೋ ಕರುವಿನ ಮಾಂಸ. ಆಗ ಎಲ್ಲರೂ ಕದ್ದು ಸಾಗಿಸ್ತಿದ್ದರು, ಹೋಗೋವಾಗ ಹೊಟ್ಟೆಗೆ ಮಾಂಸ, ಬರೋವಾಗ ಸೊಂಟಕ್ಕೆ ಕಾಫಿ. ನನ್ನ ಏಪ್ರನ್ನಿನ ಲಾಡಿ ಕಿತ್ತು ನಾನೇ ನಿಮ್ಮ ಹೊಟ್ಟೆಗೆ ಬಿಗಿದೆ. ಕಟ್ಟೆ ಹತ್ತಿರ ಒಂದು ಹನಿ ರಕ್ತ ಸೋರಿ ನಿಮ್ಮ ಶೂ ಮೇಲೆ ಬಿತ್ತು. ಸುಂಕದವನ ಕಣ್ಣಿಗೆ ಬಿತ್ತು. ಕೋಟು ಬಿಚ್ಚಿಸಿದ, ಮಾಂಸ ಮೇಜಿನ ಮೇಲೆ, ನೀವು ಚಡ್ಡಿಯಲ್ಲಿ...

ಇವತ್ತು ಯಾಕೆ ನಗ್ತಿಲ್ಲ?

ಶೂ ಒಣಗಿತ್ತು ಅಂದ್ನಾ? ತಲೆ ಆಡಿಸ್ತೀರಲ್ಲ... ಅಷ್ಟು ಹಳೇ ಶೂ ಅವನಿಗೆ ನೆನಪಿರುತ್ತಾ? ನನ್ನ ಮುಖ ನೆನಪಿದೆ ಅಂದ್ನಂತೆ. ಹೊಟ್ಟೆ ಹೊತ್ತ ಹೆಂಗಸರು ದಿನಕ್ಕೆ ಹತ್ತು ಜನ ಅಲ್ಲಿ ನಿಲ್ತಿದ್ದರು. ಹೋಗ್ಲಿ, ಕುಂಬಳಕಾಯಿ ಕಳ್ಳ ಅಂದ್ರೆ ನಾನ್ಯಾಕೆ ಹೆಗಲು ಮುಟ್ಟಿ ನೋಡ್ಕೊಳ್ಳಲಿ.

ಆ ಹಸಿರು ಕಿಟಕಿಯಿಂದ ಕಣ್ಣು ತೆಗೀರಿ. ಅಲ್ಲಿ ಈಗ ಯಾರೋ ಇದ್ದಾರೆ, ನೋಡಿ, ಹೂವಿನ ಕುಂಡ ಇಟ್ಟಿದ್ದಾರೆ. ನನಗೆ ಗೊತ್ತು ನಿಮಗೆ ಏನು ನೆನಪಾಗ್ತಿದೆ ಅಂತ. ಗಡಿ ದಾಟೋ ಪಾಸು ಒಂದು ವರ್ಷಕ್ಕೆ ಕಿತ್ಕೊಂಡ್ರು. ಪ್ರತಿ ಭಾನುವಾರ ನೀವು ಸ್ಟೇಷನ್ನಿನಲ್ಲಿ ನಿಂತು ಟೋಪಿ ಎತ್ತುತ್ತಿದ್ರಿ, ಅತ್ತೆ ಆ ಕಿಟಕಿಯಿಂದ ಟೇಬಲ್ ಬಟ್ಟೆ ಬೀಸ್ತಿದ್ದರು. ಫೆಬ್ರವರಿಯಲ್ಲಿ ಒಂದು ಭಾನುವಾರ ಕಿಟಕಿ ತೆರೀಲಿಲ್ಲ, ಆಮೇಲೆ ದಿನಾ ರೈಲು ಹತ್ತಿ ಬಂದ್ವಿ, ಮೂರು ದಿನ ತೆರೀಲಿಲ್ಲ. ನಾಲ್ಕನೇ ದಿನ ಕೆಳಗೆ ಕರಿ ಗಾಡಿ ಬಂತು. ಅಮ್ಮನ್ನ ಹೊತ್ಕೊಂಡು ಹೋಗೋದನ್ನ ನೀವು ಬೇಲಿ ಹಿಡ್ಕೊಂಡು ನೋಡಿದ್ರಿ. ಇವತ್ತೋ ನಾಳೆಯೋ ಅನ್ನೋ ಬಸುರಿ, ನಾನೂ ಪಕ್ಕದಲ್ಲೇ ನಿಂತಿದ್ದೆ. ನಿಮ್ಮ ಕೈ ತಂತಿಯಿಂದ ಬಿಡಿಸಿದ್ದೇ ನಾನು.

ಆವತ್ತೇ ಹೇಳಬೇಕಿತ್ತು ಅಂತೀರಾ? ಆವತ್ತು ಹೇಗೆ ಹೇಳಲಿ?

ಸರಿ. ಒಂದು ಹನಿಯೂ ಸೋರಿರಲಿಲ್ಲ. ಅಷ್ಟು ಚೆನ್ನಾಗಿ ಕಟ್ಟಿದ್ದೆ.

ಗಡ್ಡ ಮಾಡೋ ಬ್ರಷ್ಷು ಕಣ್ರೀ. ಆವತ್ತು ಬೆಳಗ್ಗೆ ನಿಮ್ಮ ಚೀಲದಲ್ಲಿ ಕಾಲುಚೀಲದೊಳಗೆ ಸುತ್ತಿಟ್ಟಿದ್ರಿ. ಸಂಜೆಗೆ ವಾಪಸ್ ಬರೋ ಗಂಡಸಿಗೆ ಗಡ್ಡದ ಬ್ರಷ್ ಯಾಕೆ? ಅತ್ತೆ ಬರೆದ ಕಾಗದವನ್ನೂ ಓದಿದ್ದೆ. ಬಂದ್ಬಿಡು ಮಗನೇ, ಸೋದರಮಾವನ ಅಂಗಡಿಯಲ್ಲಿ ಕೆಲಸ ಇದೆ, ಅವಳನ್ನ ಆಮೇಲೆ ಕರೆಸಿಕೊಂಡರಾಯ್ತು... ಆಮೇಲೆ ಅಂದ್ರೆ ಯಾವಾಗ? ನಮ್ಮ ಬೀದಿಯಲ್ಲೇ ಹಾಗೆ ಕಾಯ್ತಾ ಕೂದಲು ಬೆಳ್ಳಗಾದವರು ಇಬ್ಬರಿದ್ದರು. ನನಗೆ ಆಗ ನಾಲ್ಕು ತಿಂಗಳು. ನಿಮ್ಮನ್ನೇ ಕೇಳಬಹುದಿತ್ತು. ಕೇಳೋಕೆ ಭಯ ಆಯ್ತು. ಹೌದು ಅಂದುಬಿಟ್ಟರೆ?

ನೀವು ಸಾಲಲ್ಲಿ ನಿಂತಿದ್ರಿ. ನಾನು ನಿಮ್ಮನ್ನ ಬಿಡೋಕೆ ಬಂದವಳು, ಪಕ್ಕದ ಬಾಗಿಲಿಂದ ಅವನ ಹತ್ತಿರ ಹೋದೆ. ಸುಂಕದವನ ಮುಂದೆ ಸುಖದುಃಖ ಹೇಳ್ಕೋಬಾರದು ಅಂತ ನಮ್ಮಮ್ಮ ಬಡ್ಕೋತಿದ್ದಳು, ನಾನು ಹೇಳ್ಕೊಂಡೆ. ಆ ಕಂದು ಕೋಟಿನವರು ನನ್ನ ಯಜಮಾನರು, ಅವರ ಹೊಟ್ಟೆ ತಡವಿ ನೋಡಿ ಅಂದೆ. ಮಾಂಸ ಕಿತ್ಕೊಂಡು, ಬೈದು, ಮನೆಗೆ ಕಳಿಸ್ತಾರೆ ಅಂದ್ಕೊಂಡಿದ್ದೆ. ಪಾಸು ಕಿತ್ಕೋತಾರೆ ಅಂತ ನನಗೆ ಗೊತ್ತಿರಲಿಲ್ಲ. ಅತ್ತೆ ಅಷ್ಟು ಬೇಗ ಹೋಗ್ತಾರೆ ಅಂತಾನೂ ಗೊತ್ತಿರಲಿಲ್ಲ. ದೇವರಾಣೆ ಗೊತ್ತಿರಲಿಲ್ಲ ರೀ.

ಬಯ್ಯಿರಿ. ಏನಾದರೂ ಅನ್ನಿ.

ಒಂದೇ ಒಂದು ಮಾತು ಹೇಳಿ ಸಾಕು. ಆವತ್ತು ಬಿಟ್ಟಿದ್ದರೆ, ಸಂಜೆ ವಾಪಸ್ ಬರ್ತಿದ್ರಾ? ಐವತ್ತು ವರ್ಷ ಒಂದೇ ತಟ್ಟೆಯಲ್ಲಿ ಉಂಡಿದ್ದೀವಿ, ಇಷ್ಟು ಹೇಳಿ. ಬರ್ತಿದ್ದೆ ಅಂತ ಸುಳ್ಳಾದರೂ ಹೇಳಿ...

ಆಯ್ತು. ಗೊತ್ತಾಯ್ತು.

ರೈಲು ಬಂತು ನೋಡಿ, ಐದು ಹತ್ತರದ್ದು. ಏಳಿ. ಮನೆಗೆ ಹೋಗಿ ಸೂಪ್ ಬಿಸಿ ಮಾಡ್ತೀನಿ, ಅಲ್ಲಿ ಎಷ್ಟು ಬೇಕೋ ಅಷ್ಟು ದಿನ ಮಾತು ಬಿಡಿ. ನಾನು ಮುಂದೆ ಹೋಗ್ತಿರ್ತೀನಿ, ಬನ್ನಿ. ಇಗೋ, ಗೆರೆ ದಾಟಿದೆ. ಎಂಟು ಹೆಜ್ಜೆ ಅಷ್ಟೇ ರೀ, ಮಂಡಿ ನೋವಿದ್ದರೆ ಕೈ ಕೊಡ್ತೀನಿ. ಟಿಕೆಟ್ ಎರಡೂ ನನ್ನ ಹತ್ತಿರಾನೇ ಇವೆ. ಟೋಪಿ ಯಾಕೆ ಪಕ್ಕಕ್ಕಿಟ್ರಿ? ಬೆಂಚಿಗೆ ಯಾಕೆ ಒರಗಿ ಕೂತ್ರಿ? ಗಾರ್ಡ್ ಸೀಟಿ ಊದ್ತಿದ್ದಾನೆ, ಕೇಳಿಸ್ತಾ?

ರೀ... ಬನ್ನಿ ರೀ. ನಿಮ್ಮನ್ನ ಆ ಕಡೆ ಬಿಡಬೇಡಿ ಅಂತ ಈಗ ನಾನು ಯಾರಿಗೆ ಹೇಳಲಿ? ಈ ಗೆರೆ ಮೇಲೆ ಈಗ ತಡೆಯೋ ಸುಂಕದವನೂ ಇಲ್ಲ.