ಚಂದ್ರನ ಮೇಲೆ ಮೂರ್ಛೆ

ಕಣ್ಣಿನ ಪಟ್ಟಿ ಬಿಚ್ಚಿಸಿಕೊಳ್ಳಲು ಆಸ್ಪತ್ರೆಯಲ್ಲಿ ಕಾದಿದ್ದ ಮಾವನಿಗೆ ಸೊಸೆ ಎಂದಿನಂತೆ ಅವರ ಮೆಚ್ಚಿನ ಹಳೆಯ ಚಂದ್ರಯಾನದ ಕಾದಂಬರಿ ಓದುತ್ತಿದ್ದಳು.

"ನಾಯಕ ಚಂದ್ರನ ಮೇಲಿಳಿದು ಸಿಗರೇಟು ಹಚ್ಚಿದ. ಅಲ್ಲಿ ಗಾಳಿ ಎಲ್ಲಿಂದ ಬಂತು ಮಾವ?"

"ಆಗಿನ್ನೂ ಯಾರೂ ಹೋಗಿ ನೋಡಿರಲಿಲ್ವಲ್ಲಮ್ಮ. ಮುಂದೆ ಓದು."

"ನಾಯಕಿ ಎಂಜಿನ್ ರಿಪೇರಿ ಮಾಡಿದಳು."

"ಅಲ್ಲಿ ಅವಳು ಮೂರ್ಛೆ ಹೋಗ್ಬೇಕಲ್ವಾ?"

ಸೊಸೆ ತಡವರಿಸಿದಳು. "ಪುಟಕ್ಕೊಂದು ಸಲ ಮೂರ್ಛೆ ಹೋಗ್ತಾಳೆ ಮಾವ. ತಡೆಯೋಕಾಗ್ದೆ ನಾನೇ ಬದಲಾಯಿಸ್ತಿದ್ದೆ. ಯಾವಾಗ ಗೊತ್ತಾಯ್ತು?"

"ಮೊದಲ ದಿನಾನೇ. ಆ ಪುಸ್ತಕ ನನಗೆ ಬಾಯಿಪಾಠ."

"ಮತ್ತೆ ಸುಮ್ನಿದ್ರಲ್ಲ?"

"ಅವಳು ಎಲ್ಲೀವರೆಗೆ ಹೋಗ್ತಾಳೆ ನೋಡೋಣ ಅಂತ."

"ಇನ್ನೇನು, ಇವತ್ತಿಂದ ನೀವೇ ಓದ್ಕೋಬಹುದು," ಎಂದು ಅವಳು ಪುಸ್ತಕ ಮುಚ್ಚಿದಳು.

ನರ್ಸ್ ಕರೆದಳು. ಮಾವ ಸೊಸೆಯ ಭುಜ ಹಿಡಿದು ಒಳಗೆ ಹೊರಟರು.

"ಬೇಡಮ್ಮ, ನೀನೇ ಓದು. ನಾನು ಓದಿದ್ರೆ ಅವಳು ಮತ್ತೆ ಬಿದ್ಬಿಡ್ತಾಳೆ."