ಜೇಡಕ್ಕೆ ಹೆದರುತ್ತಿದ್ದವರು

ಗದಗಿನಲ್ಲಿ ಮುಂಡರಗಿ ಬಸ್ಸಿಗೆ ಕಾಯುತ್ತಿದ್ದೆ. ಮನೆಮನೆಗೆ ಹೋಗಿ ಜೇಡಕ್ಕೆ ಔಷಧ ಹೊಡೆಯುವ ಲಾಡಸಾಬ ಪಂಪು ಬೆನ್ನಿಗೇರಿಸಿಕೊಂಡು ಪಕ್ಕದಲ್ಲೇ ನಿಂತಿದ್ದ. ನಮ್ಮ ಓಣಿಯ ಪ್ರಹ್ಲಾದ ಮಾಸ್ತರರು ಬಂದು ಅವನ ತೋಳು ಹಿಡಿದರು.

“ಲಾಡಸಾಬ, ಮನಿಗೆ ಬಾ. ಜ್ಯಾಡ ಭಾಳ ಆಗ್ಯಾವ.”

“ಜ್ಯಾಡ ಕಂಡ್ರ ನೀವು ನಗತಿದ್ರಿ, ಮಾಸ್ತರ. ಹೆದರತಿದ್ದವರು ನಿಮ್ಮ ಮನಿಯವರು, ಬಾಯಾರು.”

“ಹೌದು. ಚೀರಿ ಮಂಚ ಹತ್ತಿ ನಿಂದರತಿದ್ಲು.”

“ಅವರು ಹೋಗಿ ವರ್ಷ ಆಗಾಕ ಬಂತಲ್ರಿ.”

“ನಾಡಿದ್ದ ವರ್ಷಾಂತದ ಶ್ರಾದ್ಧ ಅದ.”

“ಹಂಗಾರ ಈಗ ಬ್ಯಾಡ್ರಿ. ಔಷಧದ ವಾಸನಿ ನಾಕು ದಿನ ಹೋಗಂಗಿಲ್ಲ. ಭಟ್ಟರು ಬೈತಾರ.”

“ಬೈಲಿ. ಪಿಂಡ ಇಡೋ ಹೊತ್ತಿಗೆ ಅಕಿ ಬರತಾಳ. ಒಂದ ಜ್ಯಾಡ ಕಂಡ್ರೂ ಹೊಸ್ತಿಲದಾಗಿಂದನ ತಿರುಗಿ ಹೋಗತಾಳ.”

ಬಸ್ಸು ಬಂತು. ಲಾಡಸಾಬ ಹತ್ತಲಿಲ್ಲ. ಮಾಸ್ತರರ ಹಿಂದೆಯೇ ನಡೆದ.