ವಿಟಮಿನ್ ಅಂದಿದ್ದೆ

ಅಯ್ಯೋ, ಇದನ್ನ ಪೂರ್ತಿ ಕೇಳಿ, ಮಧ್ಯದಲ್ಲಿ ಎದ್ದು ಹೋಗ್ಬೇಡಿ! ನಿನ್ನೆ ಯುಟ್ರೆಕ್ಟ್‌ನಿಂದ ನೈಮೆಗನ್‌ಗೆ ಹೋಗೋ ಡಚ್ ಟ್ರೇನಲ್ಲಿ ನನ್ನೆದುರು ಒಬ್ರು ಅಮ್ಮ, ಪಕ್ಕದಲ್ಲಿ ಮಗಳು. ನಂಗೆ ಕನ್ನಡ ಬರತ್ತೆ ಅಂತ ಅವರಿಗೇನು ಗೊತ್ತು! ಮಗಳ ಬ್ಯಾಗಲ್ಲಿ ಅಮ್ಮಂಗೆ ಗರ್ಭನಿರೋಧಕ ಮಾತ್ರೆ ಸಿಕ್ಕಿತ್ತು.

"ನನ್ನ ಒಂದು ಮಾತೂ ಕೇಳ್ದೆ ಡಾಕ್ಟ್ರು ಹೆಂಗೆ ಕೊಟ್ರು?"

"ನಂಗೆ ಹದಿನಾರಾಯ್ತು. ಇಲ್ಲಿ ಅಪ್ಪ-ಅಮ್ಮನ್ನ ಕೇಳಲ್ಲಮ್ಮ."

"ಅವರು ಬಿಡು. ನೀನಾದ್ರೂ ಹೇಳ್ಬಹುದಿತ್ತಲ್ಲ ಸಮೀಕ್ಷಾ?"

"ಹೇಳಿದ್ರೆ ನೀನು ಅವತ್ತೇ ನಂಗೆ ಮೈಸೂರಿಗೆ ಟಿಕೆಟ್ ಬುಕ್ ಮಾಡಿಸ್ತಿದ್ದೆ."

"ತಮಾಷೆ ಬೇಡ. ಈ ವಯಸ್ಸಿಗೆ ಮಾತ್ರೆ ನುಂಗಿ ಮೈಗೆ ಏನಾದ್ರೂ ಆದ್ರೆ?"

"ತಮ್ಮನ ಮುಂಜಿ ದಿನ ನಾನು ಮುಟ್ಟಾಗ್ಬಾರ್ದು ಅಂತ ನೀನೇ ಮಾತ್ರೆ ಕೊಟ್ಟೆ. ಆಗ ನಂಗೆ ಹದಿಮೂರು. ವಿಟಮಿನ್ ಅಂದಿದ್ದೆ."

ಅಮ್ಮ ದನಿ ತಗ್ಗಿಸಿದ್ರು.

"ಮನೆ ತುಂಬ ನೆಂಟ್ರು ಕಣೇ. ನೀನೊಬ್ಳೇ ಮೂಲೇಲಿ ಕೂರೋದು ನನ್ನ ಕೈಲಿ ನೋಡಕ್ಕಾಗ್ತಿರ್ಲಿಲ್ಲ."

"ಗೊತ್ತಮ್ಮ. ಆದ್ರೆ ಅವತ್ತಿಂದ ನೀನು ಜ್ವರದ ಮಾತ್ರೆ ಕೊಟ್ರೂ ಗೂಗಲ್ ಮಾಡಿ ನುಂಗ್ತೀನಿ."

"ಡಾಕ್ಟ್ರು ನನ್ನ ಬಗ್ಗೆ ಏನೂ ಕೇಳ್ಲೇ ಇಲ್ವಾ?"

"ಕೇಳಿದ್ರು. ಅಮ್ಮನ್ನ ಕರ್ಕೊಂಡು ಬರ್ತೀಯಾ ಅಂದ್ರು. ಬೇಡ ಅಂದೆ."

"ಮುಂದಿನ ಸಲ ನಾನೂ ಬರ್ತೀನಿ. ಒಳಗೆ ಬರಲ್ಲ, ಹೊರಗೇ ಕೂತಿರ್ತೀನಿ."

"ಬೇಡಮ್ಮ."

ಆರ್ನೆಮ್ ಸ್ಟೇಷನ್ ಬಂತು. ಮಗಳು ಇಳಿದು ತಿರುಗಿ ನೋಡ್ದೆ ನಡೆದ್ಲು. ಅಮ್ಮನೂ ಇಳಿದು ಹತ್ತು ಹೆಜ್ಜೆ ಹಿಂದೆ ಉಳಿದ್ರು, ಓಡಿ ಹಿಡೀಲೂ ಇಲ್ಲ, ಕೂಗ್ಲೂ ಇಲ್ಲ.

ಆ ಅಮ್ಮನ ಜಾಗದಲ್ಲಿ ನೀವಿದ್ದಿದ್ರೆ ಏನ್ಮಾಡ್ತಿದ್ರಿ, ಹೇಳಿ?